ನಮ್ಮ ಆಕಾಶದಲ್ಲಿ ಬಲೂನು ಹಾರಿಸಿದ ಕನ್ನಡಿಗ: ಡಾ. ಬಿ. ವಿ. ಶ್ರೀಕಂಠನ್



2022ರ ಡಿಸೆಂಬರಿನಲ್ಲಿ ವಿಕಾರಾಬಾದ್ ಜಿಲ್ಲೆಯ ಮೊಗಿಲಿಗುಂಡ್ಲದ ಹೊಲದಲ್ಲಿ ವಿಚಿತ್ರ ಆಕಾರದ ದೊಡ್ಡ ವಸ್ತು ಇಳಿದಿತ್ತು. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಬಲೂನು ಮತ್ತು ಯಂತ್ರ ಮನೆಯ ಮೇಲೆ ಬಿತ್ತು. ಎರಡು ಕಡೆಯೂ ಜನ ಗಾಬರಿಯಾದರು. ಎರಡೂ ಹೈದರಾಬಾದಿನ ಇಸಿಐಎಲ್ ಬಳಿ ಇರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಲೂನು ಕೇಂದ್ರದಿಂದ ಹೊರಟವು. ಈ ಬಲೂನುಗಳಿಂದ ಎಕ್ಸ್‌ರೇ ಖಗೋಳ ವಿಜ್ಞಾನವನ್ನು ನಮ್ಮ ದೇಶದಲ್ಲಿ ಆರಂಭಿಸಿದವರು ಒಬ್ಬ ಕನ್ನಡಿಗರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅದಕ್ಕಾಗಿ ಈ ಪರಿಚಯ.

ಹುಟ್ಟು, ಓದು

ಬದನವಾಳು ವೆಂಕಟಸುಬ್ಬ ಶ್ರೀಕಂಠನ್ ಅವರು ಹುಟ್ಟಿದ್ದು 1925ರ ಜೂನ್ 30ರಂದು, ಮೈಸೂರು ಬಳಿಯ ನಂಜನಗೂಡಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದರು. ಕೆಲಕಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು, 1948ರಲ್ಲಿ ಮುಂಬಯಿಗೆ ಹೋಗಿ ಹೋಮಿ ಭಾಭಾ ಅವರ ಟಿಐಎಫ್‌ಆರ್ ಸೇರಿದರು.

ಕೋಲಾರದ ಗಣಿಯಲ್ಲಿ

ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಮ್ಯೂಯಾನ್ ಎಂಬ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ಹೋಗುತ್ತವೆ ಎಂದು ಅಳೆಯುವುದು ಕೆಲಸ. ಮುಂದೆ ಸಂಸ್ಥೆಯ ಸಂಶೋಧಕರು ಇನ್ನೂ ಆಳದಲ್ಲಿ ಯಂತ್ರವಿಟ್ಟರು. ಅಲ್ಲಿ ಎರಡು ತಿಂಗಳಲ್ಲಿ ಒಂದು ಮ್ಯೂಯಾನ್ ಕೂಡ ಸಿಗಲಿಲ್ಲ. ಏನೂ ಸಿಗದ ಈ ಫಲಿತಾಂಶವೇ ದೊಡ್ಡ ಉಪಯೋಗಕ್ಕೆ ಬಂತು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ, ಭೂಮಿಯನ್ನೇ ದಾಟಿ ಬರುವ ನ್ಯೂಟ್ರಿನೊ ಕಣದ ಗುರುತನ್ನು ಹಿಡಿಯಬಹುದು ಎಂದು ಗೊತ್ತಾಯಿತು.

ಭಾರತ, ಜಪಾನ್ ಮತ್ತು ಬ್ರಿಟನ್ ವಿಜ್ಞಾನಿಗಳು ಸೇರಿ ಅದನ್ನು ಹಿಡಿದರು. ಆ ಪ್ರಬಂಧ 'ಫಿಸಿಕ್ಸ್ ಲೆಟರ್ಸ್' ಪತ್ರಿಕೆಯಲ್ಲಿ 1965ರ ಆಗಸ್ಟ್ 15ರಂದು ಅಚ್ಚಾಯಿತು. ದಕ್ಷಿಣ ಆಫ್ರಿಕದ ಗಣಿಯಲ್ಲಿ ಇದೇ ಕೆಲಸ ಮಾಡುತ್ತಿದ್ದ ರೈನ್ಸ್ ತಂಡದ ಪ್ರಬಂಧ ಹೊರಬಂದದ್ದು ಅದಾದ ಸುಮಾರು ಎರಡು ವಾರಕ್ಕೆ. ಕೋಲಾರದ ಪ್ರಬಂಧಕ್ಕೆ 11 ಲೇಖಕರು. ಅವರಲ್ಲಿ ಶ್ರೀಕಂಠನ್ ಒಬ್ಬರು.

ನೆಲದ ಆಳದಿಂದ ಆಕಾಶಕ್ಕೆ

ನಕ್ಷತ್ರಗಳಿಂದ ಬರುವ ಎಕ್ಸ್‌ರೇಯನ್ನು ನಮ್ಮ ವಾಯುಮಂಡಲ ಹೀರಿಕೊಳ್ಳುತ್ತದೆ, ನೆಲಕ್ಕೆ ತಲುಪುವುದಿಲ್ಲ. ನೋಡಬೇಕಾದರೆ ಮೇಲಕ್ಕೇ ಹೋಗಬೇಕು. 1962ರಲ್ಲಿ ಅಮೆರಿಕದಲ್ಲಿ ಜಾಕೊನಿ ಮತ್ತು ರೊಸ್ಸಿ ಅವರ ತಂಡ ರಾಕೆಟ್ ಹಾರಿಸಿ, ಸೌರಮಂಡಲದ ಹೊರಗಿನ ಮೊದಲ ಎಕ್ಸ್‌ರೇ ಮೂಲ 'ಸ್ಕೋ ಎಕ್ಸ್-1' ಅನ್ನು ಕಂಡುಹಿಡಿಯಿತು. ಶ್ರೀಕಂಠನ್ ಅಮೆರಿಕದ ಎಂಐಟಿಯಲ್ಲಿ ರೊಸ್ಸಿ ಅವರ ಬಳಗದೊಂದಿಗೆ ಕೆಲಸ ಮಾಡಿ ಬಂದು, ಇಲ್ಲಿ ಬಲೂನಿನ ದಾರಿ ಹಿಡಿದರು. ಹೆಚ್ಚು ಶಕ್ತಿಯ ಎಕ್ಸ್‌ರೇ ಸುಮಾರು 40 ಕಿ.ಮೀ. ಎತ್ತರದವರೆಗೆ ಇಳಿದು ಬರುತ್ತದೆ. ಅಲ್ಲಿಗೆ ಬಲೂನು ಏರಬಲ್ಲದು. ಖರ್ಚೂ ಕಡಿಮೆ.

1968ರಲ್ಲಿ ಹೈದರಾಬಾದಿನಿಂದ ಏರಿದ ಬಲೂನು ಸ್ಕೋ ಎಕ್ಸ್-1ರ ಎಕ್ಸ್‌ರೇಯನ್ನು ದಾಖಲಿಸಿತು. ಮುಂದಿನ ವರ್ಷಗಳಲ್ಲಿ ಅದರ ಬಗ್ಗೆ ಮತ್ತು 'ಸಿಗ್ ಎಕ್ಸ್-1' ಬಗ್ಗೆ ತಂಡದ ಪ್ರಬಂಧಗಳು ಬಂದವು.

ಪ್ರಬಂಧಗಳ ಪರಿಣಾಮ

ಇಂದು ವಿಜ್ಞಾನಿಯ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದರು ಎಂದು ಎಣಿಸಿ ತೂಗುತ್ತಾರೆ. ಶ್ರೀಕಂಠನ್ ಅವರದು ತಂಡದ ಕೆಲಸವಾದ್ದರಿಂದ ಆ ಎಣಿಕೆಯೊಂದೇ ಸಾಲದು. ಅವರು ಬೆಳೆಸಿದ ಬಳಗವನ್ನೂ ನೋಡಬೇಕು. ಮೊದಲ ಬಲೂನುಗಳ ಕಾಲದಲ್ಲಿ ಅವರ ತಂಡದಲ್ಲಿದ್ದ ಪಿ. ಸಿ. ಅಗ್ರವಾಲ್ ಅವರೇ ಮುಂದೆ 'ಆಸ್ಟ್ರೋಸ್ಯಾಟ್' ಉಪಗ್ರಹ ಯೋಜನೆಯ ಮುಂಚೂಣಿಯಲ್ಲಿದ್ದರು. 2015ರ ಸೆಪ್ಟೆಂಬರ್ 28ರಂದು ಹಾರಿದ ಆ ಉಪಗ್ರಹದ ದೊಡ್ಡ ಎಕ್ಸ್‌ರೇ ಯಂತ್ರ ಟಿಐಎಫ್‌ಆರ್‌ನಲ್ಲೇ ತಯಾರಾದದ್ದು. ಎಂ. ವಿ. ಎಸ್. ರಾವ್ ಅವರೊಂದಿಗೆ ಶ್ರೀಕಂಠನ್ ಬರೆದ, ವಿಶ್ವಕಿರಣಗಳ 'ಎಕ್ಸ್‌ಟೆನ್ಸಿವ್ ಏರ್ ಶವರ್ಸ್' ಗ್ರಂಥ 1998ರಲ್ಲಿ ಪ್ರಕಟವಾಯಿತು.

1975ರಿಂದ 1987ರವರೆಗೆ ಅವರು ಟಿಐಎಫ್‌ಆರ್ ನಿರ್ದೇಶಕರಾಗಿದ್ದರು. 1988ರಲ್ಲಿ ಪದ್ಮಭೂಷಣ ಬಂತು. ನಿವೃತ್ತಿಯ ನಂತರ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ವಿಜ್ಞಾನದ ತತ್ತ್ವಶಾಸ್ತ್ರ, ಪ್ರಜ್ಞೆಯ ವಿಚಾರಗಳಲ್ಲಿ ತೊಡಗಿದ್ದರು. 2019ರ ಅಕ್ಟೋಬರ್ 27ರಂದು, 94ನೆಯ ವಯಸ್ಸಿನಲ್ಲಿ ನಿಧನರಾದರು.

ನಾವು ಮಾಡಬೇಕಾದ್ದು

ಹೈದರಾಬಾದಿನಿಂದ ಈಗಲೂ ನಾನಾ ಸಂಶೋಧನೆಗಳಿಗೆ ಬಲೂನು ಹಾರುತ್ತವೆ. ಕೆಲಸ ಮುಗಿದ ಮೇಲೆ ಯಂತ್ರಗಳು ಪ್ಯಾರಾಚೂಟಿನಲ್ಲಿ ಇಳಿಯುತ್ತವೆ. ಗಾಳಿ ಒಯ್ದರೆ ತಾಂಡೂರು, ಜಹೀರಾಬಾದ್, ನಾರಾಯಣಖೇಡ್, ಬೀದರ್, ಕಲಬುರಗಿ ಕಡೆಯ ಹೊಲಗಳಲ್ಲೂ ಇಳಿಯಬಹುದು. ಬಿಚ್ಚಿ ನೋಡಿದರೆ ವರ್ಷಗಳ ದುಡಿಮೆಯ ದಾಖಲೆ ಹಾಳಾಗುತ್ತದೆ. ಕೆಲವು ಯಂತ್ರಗಳಲ್ಲಿ ಅಪಾಯಕಾರಿ ವಿದ್ಯುತ್ ಕೂಡ ಇರುತ್ತದೆ. ಮುಟ್ಟದೆ, ಸರಿಸದೆ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ. ಯಂತ್ರದ ಮೇಲೆ ಸಂಸ್ಥೆಯ ವಿಳಾಸವಿದ್ದರೆ ಅಲ್ಲಿಗೂ ಹೇಳಿ. ಹಾಗೆ ತಿಳಿಸಿದವರಿಗೆ ಸಂಸ್ಥೆ ಬಹುಮಾನವನ್ನೂ ಕೊಡುತ್ತದೆ.

ಸದಸ್ಯರು ದಯವಿಟ್ಟು ಈ ಮಾತನ್ನು ಹೊಲಕ್ಕೆ ಹೋಗುವವರಿಗೆ, ಶಾಲೆಯ ಮಕ್ಕಳಿಗೆ ತಲುಪಿಸಬೇಕು. ಜೊತೆಗೆ ನಂಜನಗೂಡಿನ ಶ್ರೀಕಂಠನ್ ಅವರ ಹೆಸರನ್ನೂ ಹೇಳಬೇಕು.

— ಕಾರ್ಯದರ್ಶಿ, ಕರಣಕೋಟ