ಬಣ್ಣ ಹಾಕದೆ ಜೀವಕೋಶ ಓದಬಹುದಾ? ಅವಕೆಂಪು ಸೂಕ್ಷ್ಮದರ್ಶಕದ ಕಥೆ

ಮೈಮೇಲಿನ ಒಂದು ಮಚ್ಚೆ ಮೇಲೆ ಅನುಮಾನ ಬಂದರೆ ಡಾಕ್ಟರು ಚೂರು ತೆಗೆದು ಬಯಾಪ್ಸಿಗೆ ಕಳಿಸ್ತಾರೆ. ಲ್ಯಾಬಿನಲ್ಲಿ ಅದನ್ನ ತೆಳುವಾಗಿ ಕತ್ತರಿಸಿ, ನೇರಳೆ-ಗುಲಾಬಿ ಬಣ್ಣ ಹಾಕಿ, ಪೆಥಾಲಜಿಸ್ಟ್ ಕಣ್ಣಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳ್ತಾರೆ. ಬಣ್ಣವೇ ಹಾಕದೆ, ಜೀವಕೋಶದ ರಸಾಯನವನ್ನೇ ಓದೋಕೆ ಆಗಲ್ವಾ? ಈ ಪ್ರಶ್ನೆಯ ಹಿಂದೆ 200 ವರ್ಷದ ಇತಿಹಾಸ ಇದೆ. ಅದರಲ್ಲಿ ನಮ್ಮ ಕಸುಬಿನ ಒಂದು ಅಲ್ಗಾರಿದಮ್ಮೂ ಇದೆ.

1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪ್ರಿಸಂನಲ್ಲಿ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟರು. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲೇ ಬಿಸಿ ಹೆಚ್ಚಿತ್ತು. ಅದೇ ಇನ್ಫ್ರಾರೆಡ್, ಅಂದರೆ ಅವಕೆಂಪು ಕಿರಣ. ಮುಂದೆ 1905ರಲ್ಲಿ ಅಮೆರಿಕದ ಕೋಬ್ಲೆಂಟ್ಜ್ ನೂರಾರು ವಸ್ತುಗಳ ಅವಕೆಂಪು ರೋಹಿತ ಪ್ರಕಟಿಸಿದರು. ಅಣುಗಳ ಬಂಧಗಳು ಒಂದೊಂದು ತರಂಗಾಂತರವನ್ನು ಹೀರುತ್ತವೆ. ಪ್ರೋಟೀನ್, ಕೊಬ್ಬು, ಡಿಎನ್‌ಎ, ಪ್ರತಿಯೊಂದಕ್ಕೂ ಅದರದೇ ಗುರುತು.

ಆದರೆ ಸೂಕ್ಷ್ಮದರ್ಶಕದಲ್ಲಿ ಒಂದು ತೊಡಕಿತ್ತು. ಗಾಜಿನ ಲೆನ್ಸ್ ಈ ಕಿರಣಗಳನ್ನು ತಾನೇ ನುಂಗಿಬಿಡುತ್ತೆ. ಹಾಗಾಗಿ 1949ರಲ್ಲಿ ಇಂಗ್ಲೆಂಡಿನ ಬ್ಯಾರರ್, ಕೋಲ್, ಥಾಂಪ್ಸನ್ ಲೆನ್ಸ್ ಬದಲು ಕನ್ನಡಿಗಳ ಸೂಕ್ಷ್ಮದರ್ಶಕ ಬಳಸಿದರು. ಅದೇ ವರ್ಷ ಅಮೆರಿಕದಲ್ಲಿ ಬ್ಲೌಟ್, ಮೆಲ್ಲರ್ಸ್ ದೇಹದ ಅಂಗಾಂಶಗಳ ರೋಹಿತ ದಾಖಲಿಸಿದರು. ದಾರಿ ಸಿಕ್ಕಿತು, ವೇಗ ಸಿಗಲಿಲ್ಲ. ಒಂದೊಂದೇ ತರಂಗಾಂತರ ಅಳೆಯುತ್ತಾ ಕೂರಬೇಕಿತ್ತು.

ಎಲ್ಲವನ್ನೂ ಒಟ್ಟಿಗೆ ಅಳೆಯೋ ಇಂಟರ್‌ಫೆರೋಮೀಟರ್ ಇತ್ತು, ಆದರೆ ಅದರ ಸಿಗ್ನಲ್ ಬಿಡಿಸೋಕೆ ಫೂರಿಯೇ ಲೆಕ್ಕ ಬೇಕು. 4096 ಬಿಂದುಗಳಿಗೆ ನೇರವಾಗಿ ಮಾಡಿದರೆ ಸುಮಾರು 1 ಕೋಟಿ 67 ಲಕ್ಷ ಹೆಜ್ಜೆ. 1965ರಲ್ಲಿ ಕೂಲಿ-ಟ್ಯೂಕಿ ಎಫ್‌ಎಫ್‌ಟಿ ಬಂದ ಮೇಲೆ ಅದು 50 ಸಾವಿರದ ಆಸುಪಾಸಿಗೆ ಇಳೀತು. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ ಎನ್ ಲಾಗ್ ಎನ್ ಇದೇ ನೋಡಿ!

2008ರ ಹೊತ್ತಿಗೆ ಫ್ರಾನ್ಸಿನ ರೀಮ್ಸ್‌ನಲ್ಲಿ ಸಂಶೋಧಕರು ಮೇಣದಲ್ಲಿಟ್ಟ ಚರ್ಮದ ಗಡ್ಡೆಯ ಚೂರುಗಳನ್ನು ಬಣ್ಣವಿಲ್ಲದೆ ಸ್ಕ್ಯಾನ್ ಮಾಡ್ತಿದ್ದರು. ಮೇಣದ ಸಿಗ್ನಲ್ಲನ್ನು ಲೆಕ್ಕದಲ್ಲೇ ಕಳೆದು, ಒಂದೇ ರೀತಿಯ ರೋಹಿತಗಳನ್ನು ಕ್ಲಸ್ಟರಿಂಗ್ ಮಾಡಿದಾಗ ಗಡ್ಡೆ ಒಂದು ಬಣ್ಣ, ಸುತ್ತಲಿನ ಚರ್ಮ ಇನ್ನೊಂದು ಬಣ್ಣವಾಗಿ ನಕ್ಷೆಯಲ್ಲಿ ಮೂಡಿತು.

ಹಾಗಾದರೆ ಪೆಥಾಲಜಿಸ್ಟ್ ಬೇಡವಾ? ಇಲ್ಲೇ ಇತಿಹಾಸ ಪಾಠ ಹೇಳೋದು. 1991ರಲ್ಲಿ ಗರ್ಭಕಂಠದ ಕ್ಯಾನ್ಸರ್ ಕೋಶಗಳಲ್ಲಿ ಸಿಕ್ಕ ವ್ಯತ್ಯಾಸ ತುಂಬಾ ಭರವಸೆ ಹುಟ್ಟಿಸಿತ್ತು. ಅದರಲ್ಲಿ ದೊಡ್ಡ ಪಾಲು ಗ್ಲೈಕೋಜೆನ್‌ದು. ಆಮೇಲೆ ನೋಡಿದರೆ, ಆರೋಗ್ಯವಂತ ಕೋಶಗಳಲ್ಲೂ ಗ್ಲೈಕೋಜೆನ್ ಅವು ಬಲಿಯೋ ಹಂತಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತೆ! ಇನ್ನೊಂದು ತೊಂದರೆ: ಜೀವಕೋಶದ ಗಾತ್ರವೂ ಅವಕೆಂಪಿನ ತರಂಗಾಂತರವೂ ಹೆಚ್ಚೂಕಡಿಮೆ ಒಂದೇ ಅಳತೆ, ಕೆಲವು ಮೈಕ್ರಾನ್. ಹಾಗಾಗಿ ದುಂಡಗಿನ ಕೋಶ ಬೆಳಕನ್ನು ಚದುರಿಸಿ ರೋಹಿತವನ್ನೇ ತಿರುಚುತ್ತೆ. ಆಕಾರದ ವ್ಯತ್ಯಾಸವನ್ನು ನಾವು ರಸಾಯನದ ವ್ಯತ್ಯಾಸ ಅಂದುಕೊಳ್ಳಬಹುದು.

ಮಾಡೆಲ್ ಟ್ರೈನ್ ಮಾಡೋರಿಗೆ ಇದು ಹೊಸದೇನಲ್ಲ. ಆಕ್ಯುರಸಿ ಚೆನ್ನಾಗಿ ಬಂದಾಗಲೇ ಅನುಮಾನ ಪಡಬೇಕು: ಇದು ಕಲಿತಿದ್ದು ಕಾಯಿಲೆಯನ್ನೋ, ಇನ್ನೇನನ್ನೋ? ನಮ್ಮ ತಪ್ಪಿಗೆ ಒಂದು ರೋಲ್‌ಬ್ಯಾಕ್ ಇರುತ್ತೆ. ಅಲ್ಲಿ ತಪ್ಪಾದರೆ ಒಬ್ಬರ ಮೆಲನೋಮಾ ತಿಂಗಳುಗಟ್ಟಲೆ ಒಳಗೇ ಬೆಳೆಯುತ್ತೆ. ಅದಕ್ಕೇ ಇವತ್ತಿಗೂ ಕೊನೆಯ ಮಾತು ಬಯಾಪ್ಸಿಯದೇ.

ಒಂದು ಮಚ್ಚೆ ಆಕಾರ, ಬಣ್ಣ, ಗಾತ್ರ ಬದಲಿಸ್ತಿದ್ದರೆ ಗೂಗಲ್ ಮಾಡ್ತಾ ಕೂರಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಮುಂದಿನ ವಿಡಿಯೋದಲ್ಲಿ ಸಿಗೋಣ.