ಬಾಳೆಹಣ್ಣಿನ ನೊಣ, ನಮ್ಮ ನೆತ್ತರು: ‘ಅಸ್ರಿಜ್’ ಜೀನ್‌ನ ಕಥೆ

ಕಲಬುರಗಿಯ ಜಗತ್ ವೃತ್ತದ ಹತ್ರ ಒಂದು ಹಣ್ಣಿನ ಬಂಡಿ ಮುಂದೆ ನಿಂತೀರಿ ಅಂತ ತಿಳ್ಕೊಳ್ರಿ. ಕಮಲಾಪುರದ ಕೆಂಪು ಬಾಳೆಹಣ್ಣು ತುಸು ಹೆಚ್ಚೇ ಮಾಗಿದೆ. ಅದರ ಸುತ್ತ ಎಳ್ಳುಕಾಳಿನಷ್ಟು ಸಣ್ಣ ನೊಣಗಳು. ನಾವು ಕೈ ಬೀಸಿ ಓಡಿಸ್ತೀವಿ. ಆದರೆ ಇಂಥ ಹಣ್ಣಿನ ನೊಣವನ್ನೇ ಮುಂದಿಟ್ಟುಕೊಂಡು, ರಕ್ತ ಹುಟ್ಟೋದು ಹೇಗೆ ಅಂತ ವರ್ಷಗಟ್ಟಲೆ ಹುಡುಕಿದವರು ಬೆಂಗಳೂರಿನಲ್ಲಿದ್ದಾರೆ. ಅವರೇ ವಿಜ್ಞಾನಿ ಮನೀಷಾ ಇನಾಮದಾರ್. ಅವರ ಪ್ರಯೋಗಾಲಯ ಇದ್ದದ್ದು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ.

ನೊಣಕ್ಕೂ ರಕ್ತ ಇರುತ್ತೇನ್ರಿ ಅಂತ ಕೇಳಬಹುದು. ಇರುತ್ತೆ, ಆದರೆ ಕೆಂಪಗಿರಲ್ಲ. ಆಮ್ಲಜನಕ ಸಾಗಿಸೋಕೆ ಅದಕ್ಕೆ ಬೇರೆ ನಳಿಗೆಗಳಿವೆ. ರಕ್ತಕಣಗಳ ಮುಖ್ಯ ಕೆಲಸ ಕಾವಲು: ರೋಗಾಣು ನುಂಗೋದು, ಗಾಯ ಮುಚ್ಚೋದು.

ಸಣ್ಣ ಜೀವಿಗಳಿಂದ ರೋಗನಿರೋಧಕ ಶಕ್ತಿಯ ಪಾಠ ಕಲಿಯೋದು ಹೊಸದಲ್ಲ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಎಲಿ ಮೆಚ್ನಿಕಾಫ್ ನಕ್ಷತ್ರ ಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದರು. ಕೋಶಗಳು ಬಂದು ಮುಳ್ಳನ್ನು ಮುತ್ತಿಕೊಂಡಿದ್ದವು. ಈ ದಾರಿ ಅವರಿಗೆ 1908ರ ನೊಬೆಲ್ ತಂದಿತು. ಹಣ್ಣಿನ ನೊಣದ ರೋಗನಿರೋಧಕ ಶಕ್ತಿ ಕುರಿತ ಕೆಲಸಕ್ಕೆ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ 2011ರ ನೊಬೆಲ್‌ನಲ್ಲಿ ಪಾಲು ಪಡೆದರು.

ಇನಾಮದಾರ್ ಅವರ ತಂಡ ಇಲಿಯ ಭ್ರೂಣದ ಕಾಂಡಕೋಶಗಳಲ್ಲಿ ಹುಡುಕುತ್ತಿದ್ದಾಗ ಹೊಸದೊಂದು ಜೀನ್ ಸಿಕ್ಕಿತು. 2003ರಲ್ಲಿ ಅದನ್ನು ಪ್ರಕಟಿಸಿದರು. ಹೆಸರು ಅಸ್ರಿಜ್. ಸಂಸ್ಕೃತದಲ್ಲಿ ‘ಅಸೃಜ್’ ಅಂದರೆ ರಕ್ತ. ನೊಣ, ಇಲಿ, ಮನುಷ್ಯ, ಮೂರರಲ್ಲೂ ಈ ಜೀನ್ ಇದೆ.

ಸರಿ, ಇದು ಮಾಡೋ ಕೆಲಸ ಏನು? 2011ರಲ್ಲಿ ನೊಣ ಉತ್ತರ ಕೊಟ್ಟಿತು. ಅಸ್ರಿಜ್ ಇಲ್ಲದ ನೊಣದ ಮರಿಹುಳದಲ್ಲಿ, ರಕ್ತಕಣ ಆಗಬೇಕಾದ ಎಳೆಯ ಕೋಶಗಳು ಕಾಯಲೇ ಇಲ್ಲ, ಹೊತ್ತಿಗೆ ಮುಂಚೆಯೇ ಬಲಿತುಬಿಟ್ಟವು. ಬಿತ್ತನೆಗೆ ಇಟ್ಟ ಕಾಳನ್ನೇ ಉಂಡು ಮುಗಿಸಿದ ಹಾಗೆ. ಅಂದರೆ ಕಾಂಡಕೋಶಗಳನ್ನು ತಾಳ್ಮೆಯಿಂದ ಇರಿಸೋದು ಅಸ್ರಿಜ್ ಕೆಲಸ.

ಕೋಶದೊಳಗೆ ಸಂದೇಶಗಳದ್ದೂ ಒಂದು ಟಪಾಲು ವ್ಯವಸ್ಥೆ ಇದೆ. ಅಸ್ರಿಜ್ ಅಲ್ಲೇ ಕೂತು, ಆರ್ಫ್1 ಎಂಬ ಪ್ರೋಟೀನಿನ ಜೊತೆಗೂಡಿ ಕೆಲಸ ಮಾಡುತ್ತೆ ಅಂತ 2014ರಲ್ಲಿ ತೋರಿಸಿದರು. ಈ ಜೋಡಿ ಕೆಟ್ಟರೆ ರೋಗಾಣು ಕೊಲ್ಲೋ ಪೆಪ್ಟೈಡ್‌ಗಳ ಲೆಕ್ಕವೂ ತಪ್ಪುತ್ತೆ, ಬ್ಯಾಕ್ಟೀರಿಯಾ ತಗುಲಿದರೆ ನೊಣ ಹೆಚ್ಚು ದಿನ ಬದುಕಲ್ಲ. ರಕ್ತ ಹುಟ್ಟೋದಕ್ಕೂ ರೋಗ ತಡೆಯೋದಕ್ಕೂ ಒಂದೇ ಕಾವಲುಗಾರ!

ಆದರೆ ನೊಣದ ಮಾತು ನಮಗೂ ಅನ್ವಯಿಸುತ್ತಾ? ಅದನ್ನು ನೋಡೋಕೆ ಅವರು ಮತ್ತೆ ಇಲಿಯ ಹತ್ರ ಹೋದರು. 2019ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅಸ್ರಿಜ್ ಇಲ್ಲದ ಇಲಿಗಳಲ್ಲಿ, ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನ್ ಕಡಿಮೆಯಾಗಿತ್ತು. ಸುಮ್ಮನೆ ಮಲಗಿರಬೇಕಾದ ರಕ್ತದ ಕಾಂಡಕೋಶಗಳು ಎದ್ದು ವಿಭಜನೆಗೆ ಇಳಿದಿದ್ದವು. ವಯಸ್ಸಾದಂತೆ ಬಿಳಿ ರಕ್ತಕಣಗಳು ಮಿತಿಮೀರಿದವು.

ಇಲ್ಲೇ ನೋಡ್ರಿ ನಮ್ಮ ಸಂಬಂಧ. ನಮ್ಮ ಎಲುಬಿನ ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣ ತಯಾರಿಸುತ್ತೆ. ಒಂದೊಂದರ ಆಯಸ್ಸು ಹೆಚ್ಚುಕಡಿಮೆ 120 ದಿನ. ಜೀವನಪೂರ್ತಿ ಈ ಕೆಲಸ ನಡೀಬೇಕಂದ್ರೆ ಮೂಲದ ಕೆಲವು ಕೋಶಗಳು ಕಾಯ್ದಿರಲೇಬೇಕು. ಅವು ಲಗಾಮು ಕಳಕೊಂಡರೆ ರಕ್ತದ ಕ್ಯಾನ್ಸರ್‌ಗೆ ದಾರಿ. ಆ ಲಗಾಮು ಯಾವುದು ಅಂತ ತಿಳಿಯೋದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ಇವತ್ತೇ ಇದರಿಂದ ಔಷಧ ಸಿಗುತ್ತೆ ಅಂತ ಹೇಳ್ತಿಲ್ಲ.

ಇನಾಮದಾರ್ ಮುಂದೆ ಬೆಂಗಳೂರಿನ ಕಾಂಡಕೋಶ ಸಂಸ್ಥೆ ಇನ್‌ಸ್ಟೆಮ್‌ನ ನಿರ್ದೇಶಕಿಯಾದರು. ಮನುಷ್ಯರ ಜೀನ್ ತಿದ್ದುವ ತಂತ್ರಜ್ಞಾನಕ್ಕೆ ನಿಯಮ ಹೇಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ರಚಿಸಿದ ತಜ್ಞರ ಸಮಿತಿಯಲ್ಲೂ ಇದ್ದರು.

2003ರಿಂದ 2019. ಒಂದು ಜೀನ್, ಹದಿನಾರು ವರ್ಷ. ನೊಣದ ಮೇಲೆ ಸಂಶೋಧನೆಗೆ ದುಡ್ಡು ಯಾಕೆ ಅಂತ ಯಾರಾದರೂ ಕೇಳಿದರೆ, ಈ ಲೆಕ್ಕ ಹೇಳ್ರಿ. ಕಾಯೋದನ್ನು ಮರೆತ ಕೋಶ ಕೆಡುತ್ತೆ. ವಿಜ್ಞಾನಕ್ಕೂ ಅದೇ ಮಾತು.