ತಾಮ್ರದ ತಂತಿಯೋ, ನಡುದಾರಿಯೋ? ಹಿರೇನಲ್ಲೂರು ಹೋಬಳಿಯನ್ನು ಮುಂದಿಟ್ಟುಕೊಂಡು ಸಗಟು ದೂರವಾಣಿ ಪೈಪೋಟಿಯ ಬಗ್ಗೆ ಒಂದು ಟಿಪ್ಪಣಿ

ದೂರವಾಣಿಯಲ್ಲಿ ಸಗಟು ಪೈಪೋಟಿ ಎಂದರೆ, ಒಂದು ಕಂಪನಿ ಹಾಕಿದ ತಂತಿಯನ್ನು ಮತ್ತೊಂದು ಕಂಪನಿ ಬಾಡಿಗೆಗೆ ಪಡೆದು ತನ್ನ ಗಿರಾಕಿಗೆ ಸೇವೆ ಮಾರುವ ಅವಕಾಶ. ಈ ಚರ್ಚೆ ಸಾಮಾನ್ಯವಾಗಿ ಮನೆಗೆ ಬರುವ ತಾಮ್ರದ ತಂತಿಯ ಸುತ್ತಲೇ ನಡೆದಿದೆ. ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಹೋಬಳಿಗಳಲ್ಲಿ ನಿಜವಾದ ತೊಡಕು ಅದಕ್ಕಿಂತ ಹಿಂದೆ, ಊರಿಗೂ ತಾಲ್ಲೂಕು ಕೇಂದ್ರಕ್ಕೂ ನಡುವಿನ ದಾರಿಯಲ್ಲಿದೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ತಂತಿಯನ್ನು ನೋಡೋಣ. ಎಕ್ಸ್‌ಚೇಂಜಿನ ಮುಖ್ಯ ಚೌಕಟ್ಟಿನಿಂದ ಜೆಲ್ಲಿ ಕೇಬಲ್ ಹೊರಟು, ರಸ್ತೆ ಬದಿಯ ಪಿಲ್ಲರ್ ದಾಟಿ, ಕಂಬದ ಮೇಲಿನ ಹಂಚಿಕೆ ಪೆಟ್ಟಿಗೆಗೆ (ಡಿಪಿ ಬಾಕ್ಸ್) ಬಂದು, ಅಲ್ಲಿಂದ ಒಂದು ಜೋಡಿ ತಂತಿಯಾಗಿ ಮನೆ ಸೇರುತ್ತದೆ. ಆ ಚೌಕಟ್ಟಿನಲ್ಲಿ ಒಂದು ಜಂಪರ್ ತಂತಿ ಬದಲಿಸಿದರೆ ಸಾಕು, ಅದೇ ಜೋಡಿ ಇನ್ನೊಂದು ಕಂಪನಿಯ ಯಂತ್ರಕ್ಕೆ ಸೇರಿಬಿಡುತ್ತದೆ. ಐರೋಪ್ಯ ಒಕ್ಕೂಟ 2000ದ ನಿಯಮದ ಮೂಲಕ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2004ರ ಏಪ್ರಿಲ್‌ನಲ್ಲಿ ಇಂಥದ್ದೇ ಶಿಫಾರಸು ಮಾಡಿತು. ಆದರೆ ಅದೇ ವರ್ಷ ಅಕ್ಟೋಬರ್ 14ರಂದು ಹೊರಬಂದ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯಗೊಳಿಸದೆ, ಕಂಪನಿಗಳು ಪರಸ್ಪರ ಒಪ್ಪಿ ಮಾಡಿಕೊಳ್ಳುವ ವ್ಯವಹಾರಕ್ಕೆ ಬಿಟ್ಟಿತು. ಹೀಗಾಗಿ ಬಿಎಸ್ಸೆನ್ನೆಲ್‌ನ ತಾಮ್ರದ ಜಾಲ ಅದರ ಕೈಯಲ್ಲೇ ಉಳಿಯಿತು.

ಶಿಫಾರಸು ಜಾರಿಯಾಗಿದ್ದರೆ ಹಿರೇನಲ್ಲೂರಿಗೆ ಎರಡನೆಯ ಕಂಪನಿ ಬರುತ್ತಿತ್ತೇ? ಬರುವ ಸಂಭವ ಕಡಿಮೆ. ಇಂಟರ್‌ನೆಟ್ ಹೊರುವ ಡಿಎಸ್‌ಎಲ್ ಸಂಕೇತ ತಾಮ್ರದಲ್ಲಿ ನಾಲ್ಕೈದು ಕಿಲೋಮೀಟರ್ ದಾಟುವಷ್ಟರಲ್ಲಿ ಸೊರಗುತ್ತದೆ. ಊರಾಚೆಯ ತೋಟದ ಮನೆಗಳಿಗೆ ಅದು ಮುಟ್ಟುವುದೇ ಕಷ್ಟ. ಕೆಲವೇ ಗಿರಾಕಿಗಳಿಗಾಗಿ ಯಂತ್ರ, ಬ್ಯಾಟರಿ, ಜಾಗದ ಬಾಡಿಗೆ ಹೊರಬೇಕು. ಅದರ ಮೇಲೆ ಕಡೂರಿನವರೆಗೆ ದತ್ತಾಂಶ ಸಾಗಿಸುವ ಕೊಂಡಿಯನ್ನೂ ಬಹುಪಾಲು ಎದುರಾಳಿ ಬಿಎಸ್ಸೆನ್ನೆಲ್‌ನಿಂದಲೇ ಕೊಳ್ಳಬೇಕು. ತಂತಿಗಳನ್ನು ತೆರೆದಿಟ್ಟ ಬ್ರಿಟನ್ನಿನಲ್ಲೂ ಹೊಸ ಕಂಪನಿಗಳು ದೊಡ್ಡ ಎಕ್ಸ್‌ಚೇಂಜುಗಳಿಗೆ ಮೊದಲು ಹೋದವು; ಸಣ್ಣ ಹಳ್ಳಿಗಳ ಎಕ್ಸ್‌ಚೇಂಜುಗಳು ಹಳೆಯ ಕಂಪನಿ ಬ್ರಿಟಿಷ್ ಟೆಲಿಕಾಂಗೇ (ಬಿಟಿ) ಉಳಿದವು.

ನಡುದಾರಿಯ ಪ್ರಶ್ನೆಯನ್ನು ಎತ್ತಿಕೊಂಡದ್ದು ಬೇರೊಂದು ಯೋಜನೆ. 2011ರ ಅಕ್ಟೋಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ, 2015ರ ನಂತರ ಭಾರತ್‌ನೆಟ್ ಎನಿಸಿಕೊಂಡ ಈ ಯೋಜನೆಯ ಮೂಲ ವಿನ್ಯಾಸದಲ್ಲಿ, ತಾಲ್ಲೂಕು ಮಟ್ಟದ ಎಕ್ಸ್‌ಚೇಂಜಿನ ಓಎಲ್‌ಟಿ ಎಂಬ ಯಂತ್ರದಿಂದ ಫೈಬರ್ ಹೊರಟು ಗ್ರಾಮ ಪಂಚಾಯಿತಿ ಕಚೇರಿಯ ಓಎನ್‌ಟಿ ಎಂಬ ತುದಿಯ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಸಾರ್ವತ್ರಿಕ ಸೇವಾ ನಿಧಿಯ ದುಡ್ಡಿನಲ್ಲಿ ಹಾಕಿದ ಈ ಜಾಲವನ್ನು ಭೇದಭಾವವಿಲ್ಲದೆ ಎಲ್ಲ ಕಂಪನಿಗಳಿಗೂ ಬಾಡಿಗೆಗೆ ಕೊಡಬೇಕೆಂಬುದು ಮೂಲ ಆಶಯ. ಕಾಗದದ ಮೇಲೆ ಇದು ಅಪ್ಪಟ ಸಗಟು ಜಾಲ.

ಪಂಚಾಯಿತಿಯಿಂದ ಮನೆಗಿರುವ ಕೊನೆಯ ತುಂಡಿನಲ್ಲಿ ಮಾತ್ರ ಪಾತ್ರಗಳು ಅದಲುಬದಲಾಗಿವೆ. ಬಿಎಸ್ಸೆನ್ನೆಲ್‌ನ ಮನೆ ಫೈಬರ್ ಸೇವೆಯಲ್ಲಿ ಆ ತುಂಡನ್ನು ಹಲವೆಡೆ ಹಾಕುವವರು, ನೋಡಿಕೊಳ್ಳುವವರು ಸ್ಥಳೀಯ ಕೇಬಲ್ ಆಪರೇಟರುಗಳು. ಸಂಸ್ಥೆ ಅವರೊಂದಿಗೆ ಆದಾಯ ಹಂಚಿಕೊಳ್ಳುತ್ತದೆ. ಒಂದು ಕಾಲಕ್ಕೆ ತಂತಿಯ ಒಡೆಯನಾಗಿದ್ದ ಸಂಸ್ಥೆಯೇ ಈಗ ಆ ತುದಿಗಾಗಿ ಬೇರೆಯವರನ್ನು ನೆಚ್ಚಿದೆ.

ಆದ್ದರಿಂದ ಹೋಬಳಿ ಮಟ್ಟದಲ್ಲಿ ಪೈಪೋಟಿಯನ್ನು ಅಳೆಯುವವರು ಮೂರನ್ನು ಒಟ್ಟಿಗೆ ಪರಿಶೀಲಿಸಬೇಕು: ಪಂಚಾಯಿತಿವರೆಗಿನ ಫೈಬರಿನ ಬಾಡಿಗೆ ದರ, ಕೇಬಲ್ ಕಡಿದಾಗ ದುರಸ್ತಿಯ ಹೊಣೆ ಯಾರದೆಂಬ ಕರಾರು, ಕಂಬ ಮತ್ತು ಕೇಬಲ್ ಕಾಲುವೆಗೆ ಪಂಚಾಯಿತಿ ಕೊಡುವ ಅನುಮತಿ ಎಲ್ಲರಿಗೂ ಒಂದೇ ಷರತ್ತಿನದೇ ಎಂಬುದು. ದರವೊಂದನ್ನೇ ಇಳಿಸಿ ಉಳಿದೆರಡನ್ನು ಬಿಟ್ಟರೆ, ಕಂಪನಿಗಳ ಹೆಸರು ಎಷ್ಟಾದರೂ ಇರಲಿ, ಊರಿನ ಗಿರಾಕಿಗೆ ಆಯ್ಕೆ ಒಂದೇ ಆಗಿ ಉಳಿಯುತ್ತದೆ.